ಎಲ್ಲರ ಪರವಾಗಿ ಈರುಳ್ಳಿ

ಸಿಡ್ನಿಯ ನಮ್ಮ ಕನ್ನಡ ಬಳಗವು 1996ರ ಯುಗಾದಿಗೆ ಮುಂಚೆ ಸಕ್ಕರೆ ಕಾಯಿಲೆಯನ್ನು ಬಹುಮತದಿಂದ ಬಗೆಹರಿಸಿತು. ಅದಕ್ಕೆಂದೇ ರಚಿಸಿದ ಉಪಸಮಿತಿಗೆ ನಾನೇ ಅಧ್ಯಕ್ಷ. ಬಳಗದಲ್ಲೇ ಅತಿ ಹೆಚ್ಚು ಸಕ್ಕರೆ ನನ್ನ ರಕ್ತದಲ್ಲಿತ್ತು. ಬೇರೆ ಅರ್ಹತೆ ಕೇಳಲಿಲ್ಲ. ದೀಪಾವಳಿಯೊಳಗೆ ಇಳಿಯದಿದ್ದರೆ ಇನ್ಸುಲಿನ್ ಸೂಜಿ ಎಂದು ಡಾಕ್ಟರ್ ಗೋಪೀನಾಥ ಎಚ್ಚರಿಸಿದ್ದರು. ಸೂಜಿ ಕಂಡರೆ ನನಗೆ ಕಣ್ಣು ಕತ್ತಲೆ ಬರುತ್ತದೆ. ಹೋಳಿಗೆ ಬಿಡುವುದೂ ಆಗದು.

ಬಳಗದಲ್ಲಿ ಉಪನ್ಯಾಸ ಕೊಟ್ಟವರೂ ಗೋಪೀನಾಥರೇ. ಈರುಳ್ಳಿ, ಸೇಬು, ಚಹಾಗಳಲ್ಲಿ ಫ್ಲೇವನಾಯ್ಡ್ ಎಂಬ ಅಂಶವಿದೆ. ಇನ್ಸುಲಿನ್ ಮಾತು ಕೇಳದ ದೇಹ ಅದರಿಂದ ಕೊಂಚ ಕೇಳುವಂತಾಗಬಹುದು. ಇಲಿಗಳಲ್ಲಿ ಹಾಗೆ ಕಂಡಿದೆ, ಮನುಷ್ಯರ ವಿಷಯ ಇನ್ನೂ ಖಚಿತವಿಲ್ಲ ಎಂದರು. ಕೊನೆಯ ಮಾತಿನ ಹೊತ್ತಿಗೆ ಕಾಫಿ ಬಂದಿತ್ತು.

ಸಮಿತಿ ನಿಯಮ ಮಾಡಿತು: ಒಂದು ಹೋಳಿಗೆಗೆ ಅರ್ಧ ಹಸಿ ಈರುಳ್ಳಿ.

ಯುಗಾದಿಯ ದಿನ ತೊಡಕಾಯಿತು. ಹ್ಯಾರಿಸ್ ಪಾರ್ಕ್ ಬಡಾವಣೆಯ ಬಾಡಿಗೆ ಹಾಲ್‌ನಲ್ಲಿ ಪೂಜೆ. ದೇವರ ಮುಂದೆ ಈರುಳ್ಳಿ ಕೂಡದು. ಆದ್ದರಿಂದ ಕಾರ್ ಪಾರ್ಕಿನಲ್ಲಿ ವ್ಯವಸ್ಥೆಯಾಯಿತು. ರೇಷ್ಮೆ ಸೀರೆಯವರು, ಪಂಚೆಯವರು ಸಾಲಾಗಿ ನಿಂತು, ಕಣ್ಣೀರು ಒರೆಸುತ್ತ ಜಗಿದರು. ಬಾಯಿಯ ವಾಸನೆ ಪರಿಶೀಲಿಸಿ, ಮುಕ್ಕಳಿಸಲು ನೀರು ಕೊಟ್ಟು ಒಳಗೆ ಬಿಟ್ಟೆವು.

ಹೋಳಿಗೆ ತಟ್ಟಿದ ಜಯಲಕ್ಷ್ಮಿ ಜನ್ಮದಲ್ಲಿ ಈರುಳ್ಳಿ ಮುಟ್ಟಿದವರಲ್ಲ.

"ನಾನೇ ಮಾಡಿರೋ ಹೋಳಿಗೆ ನನಗೇ ಇಲ್ವೇನ್ರೀ?"

"ರೂಲ್ ಇದೆಯಲ್ಲಮ್ಮಾ."

"ನಿಮ್ಮ ರೂಲಿಗೆ ಬೆಂಕಿ ಹಾಕ! ನಮ್ಮನೆಯವರು ಪೂರ್ತಿ ಒಂದು ಈರುಳ್ಳಿ ತಿಂದಿದಾರೆ. ಅದರಲ್ಲಿ ಅರ್ಧ ನಂದು."

ಗಂಡನಿಗಾಗಿ ಹೆಂಡತಿ ವ್ರತ ಹಿಡಿದರೆ ಫಲ ತಲುಪುತ್ತದೆ. ಹೆಂಡತಿಗಾಗಿ ಗಂಡ ಈರುಳ್ಳಿ ತಿಂದರೆ ಏಕೆ ತಲುಪಬಾರದು? ತಿದ್ದುಪಡಿ ಅಂಗೀಕಾರವಾಯಿತು.

ಕಾರ್ಯದರ್ಶಿ ಭಾಸ್ಕರ ಮುಂದುವರಿಸಿದ. "ಹಾಗಾದ್ರೆ ಎಲ್ಲರೂ ಯಾಕೆ ಅಳಬೇಕು ಅಂಕಲ್? ಅಧ್ಯಕ್ಷರು ಒಬ್ಬರೇ ಎಲ್ಲರ ಪರವಾಗಿ ತಿಂದರಾಯ್ತು."

ಚಪ್ಪಾಳೆ ಬಿತ್ತು. ಸೂಜಿ ತಪ್ಪುವುದಾದರೆ ಒಂದು ಮೂಟೆಗೂ ನಾನು ಸಿದ್ಧನಿದ್ದೆ. ಅಂದಿನಿಂದ ಪ್ರತಿ ಸಮಾರಂಭದಲ್ಲೂ ಕಾರ್ ಪಾರ್ಕಿನಲ್ಲಿ ನಾನು ತಿಂದೆ, ಒಳಗೆ ಬಳಗ ತಿಂದಿತು. ಬಳಿಕ ಒಳಗೆ ಹೋಗಿ, ಅಷ್ಟು ಈರುಳ್ಳಿಗೆ ತಕ್ಕಷ್ಟು ಹೋಳಿಗೆ ನಾನೂ ತಿಂದೆ. ನನ್ನ ಹೆಂಡತಿ ಅನುಸೂಯ ಕಾರಿನ ಕಿಟಕಿಗಳನ್ನೆಲ್ಲ ಇಳಿಸಿ, ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಮನೆಗೆ ತರುತ್ತಿದ್ದಳು.

ದೀಪಾವಳಿಗೆ ರಕ್ತ ಪರೀಕ್ಷೆಯಾಯಿತು. ಗೋಪೀನಾಥರು ಫಲಿತಾಂಶ ನೋಡಿ, ನನ್ನ ಮುಖ ನೋಡಿದರು.

"ಈರುಳ್ಳಿ ಎಲ್ಲರ ಪರವಾಗಿ, ಸರಿ. ಹೋಳಿಗೆ ಯಾರ ಪರವಾಗಿ ರಾಯರೇ?"

ಸೂಜಿ ಶುರುವಾಯಿತು.

ತುರ್ತು ಸಭೆಯಲ್ಲಿ ನಾನು ರಾಜೀನಾಮೆ ಕೊಟ್ಟೆ. ಭಾಸ್ಕರ ಒಪ್ಪಲಿಲ್ಲ.

"ದಿನಾ ಇನ್ಸುಲಿನ್ ತಗೋತೀರಲ್ಲ ಅಂಕಲ್, ಇನ್ನು ಈರುಳ್ಳಿ ಯಾಕೆ? ಅದನ್ನೇ ಎಲ್ಲರ ಪರವಾಗಿ ಅಂತ ಇಟ್ಕೊಳ್ಳೋಣ."

ಗೋಪೀನಾಥರು ಆಕ್ಷೇಪಿಸಿದರು. ಅವರು ವೈದ್ಯರಾದ್ದರಿಂದ ಈ ವಿಷಯದಲ್ಲಿ ನಿಷ್ಪಕ್ಷಪಾತಿಗಳಲ್ಲ ಎಂದು ಸಭೆ ತೀರ್ಮಾನಿಸಿತು. ಠರಾವು ಪಾಸಾಯಿತು. ನಾನೂ ಕೈ ಎತ್ತಿದೆ.

ಈಗ ಬೆಳಿಗ್ಗೆ ಚುಚ್ಚಿಕೊಳ್ಳುವ ಮುಂಚೆ, ನಿಯಮದಂತೆ, ಸದಸ್ಯರ ಹೆಸರು ಹೇಳಿ ಸಂಕಲ್ಪ ಮಾಡುತ್ತೇನೆ. ಮೆಲ್ಬರ್ನಿನವರೂ ಫೋನ್ ಮಾಡಿ ಸೇರಿಕೊಂಡಿದ್ದಾರೆ. ಸಂಕಲ್ಪ ಸ್ವಲ್ಪ ಉದ್ದವಾಗಿದೆ, ಅಷ್ಟೆ.