ಶುದ್ಧ ಕಳ್ಳತನದ ದಾಸವಾಳ

ನಾವು ಸುಳ್ಯದಲ್ಲಿ ಬಾಡಿಗೆಗಿದ್ದಷ್ಟು ಕಾಲ ನೆರೆಕರೆಯವರು ಹೇಳುತ್ತಿದ್ದುದು ಒಂದೇ: "ಮಾಷ್ಟ್ರ ಹೆಂಡತಿ ಬಂದುಹೋದರೆ ಬೆಳ್ಳಿ ಲೋಟ ಎಣಿಸುವುದು ಬೇಡ, ಗುಲಾಬಿ ಗಿಡದ ಗೆಲ್ಲು ಎಣಿಸಿದರೆ ಸಾಕು."

ಆ ಮಾಷ್ಟ್ರು ನಾನೇ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವನು. ನನ್ನ ಹೆಂಡತಿ ದಮಯಂತಿ ಉಳಿದೆಲ್ಲ ವಿಷಯದಲ್ಲಿ ಸಾಧ್ವಿ. ಗಿಡ ಕಂಡರೆ ಮಾತ್ರ ಪಕ್ಕಾ ಕಳ್ಳಿ. ಕೇಳಿ ತಂದ ಗಿಡ ಬದುಕುವುದಿಲ್ಲ, ಕದ್ದು ತಂದದ್ದೇ ಚಿಗುರುವುದು ಎಂಬುದು ನಮ್ಮ ಕಡೆಯ ಹೆಂಗಸರ ಅಖಂಡ ನಂಬಿಕೆ. ಮದುವೆಗೆ ಹೋಗಲಿ, ಸೀಮಂತಕ್ಕೆ ಹೋಗಲಿ, ಸತ್ತವರ ಮನೆಯ ಬೊಜ್ಜದ ಊಟಕ್ಕೇ ಹೋಗಲಿ (ಹೌದು, ಅಲ್ಲಿಂದಲೂ!), ಸೆರಗಿನಡಿ ಒಂದು ಕಡ್ಡಿ ಬರುತ್ತಿತ್ತು.

ನಾನು ಉಪದೇಶಕ್ಕಿಳಿಯುತ್ತಿದ್ದೆ. "ಇದು ನಿರ್ಲಿಂಗ ಸಂತಾನೋತ್ಪತ್ತಿ ಮಾರಾಯ್ತಿ! ಕಡ್ಡಿ ಊರಿದರೆ ಅದೇ ಗಿಡ ಪುನಃ. ಹೊಸತು ಎಂತ ಉಂಟು ಅದರಲ್ಲಿ? ಬೀಜ ನೋಡು, ಲೈಂಗಿಕ! ಗಂಡಿನ ಗುಣ, ಹೆಣ್ಣಿನ ಗುಣ ಎರಡೂ ಸೇರಿ..."

"ಸಣ್ಣಕ್ಕೆ ಮಾತಾಡಿ. ಆಚೆ ಮನೆಗೆ ಕೇಳ್ತದೆ."

ಸಾಧಿಸಿ ತೋರಿಸಲೆಂದು ಬೇಲಿಯ ಬದಿಗೆ ಪಪ್ಪಾಯಿ ಬೀಜ ಹಾಕಿ ಮಕ್ಕಳಂತೆ ಸಾಕಿದೆ. ಆಳೆತ್ತರ ಬೆಳೆದು ಹೂವೂ ಬಿಟ್ಟವು. ಎಲ್ಲವೂ ಗಂಡು! ಉದ್ದುದ್ದ ತೊಟ್ಟಿನಲ್ಲಿ ಹೂ ಜೋತಾಡಿಸಿಕೊಂಡು ಗಾಳಿಗೆ ತಲೆಯಾಡಿಸುವುದೊಂದೇ ಕೆಲಸ; ಕಾಯಿ ಸೊನ್ನೆ.

"ಯಾರ ಗುಣ ಬಂದದ್ದು ಅಂತ ನಾನು ಹೇಳುದಿಲ್ಲ," ಎಂದಳು ದಮಯಂತಿ.

ಅಷ್ಟರಲ್ಲಿ ನನಗೆ ಕಡಬಕ್ಕೆ ವರ್ಗವಾಯಿತು. ಹೊರಡುವ ದಿನ ಸಾಮಾನೆಲ್ಲ ಲಾರಿಗೇರಿದ ಮೇಲೆ ನೋಡಿದರೆ, ಇವಳು ಬಾವಿಕಟ್ಟೆಯ ಬಳಿಯ ಮುದ್ದೆ ದಾಸವಾಳದ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಅದು ಐವರ್ನಾಡಿನ ಅವಳ ತವರಿನ ಗಿಡದ ಗೆಲ್ಲು. ಅಮ್ಮ ಬೇಕೆಂದೇ ದನದ ಹಟ್ಟಿಯ ಕಡೆ ಮುಖ ತಿರುಗಿಸಿ ನಿಂತಿದ್ದಾಗ ಕದ್ದದ್ದು. ಈಗ ಅಮ್ಮನೂ ಇಲ್ಲ. ರಸ್ತೆ ಅಗಲವಾಗುವಾಗ ಅಲ್ಲಿಯ ಗಿಡವೂ ಹೋಯಿತು.

"ಒಂದು ಗೆಲ್ಲು ಮುರಿದುಕೊಂಡರಾಯಿತಲ್ಲ?" ಎಂದೆ.

"ನನ್ನ ಗಿಡವನ್ನು ನಾನೇ ಕದಿಯುದು ಹೇಗೆ? ಬದುಕ್ತದಾ ಅದು?"

"ಹಾಗಾದರೆ ಬೀಜ..." ಎಂದು ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದೆ. ಆ ದಾಸವಾಳ ಬೀಜ ಕಟ್ಟಿದ್ದನ್ನು ಕಂಡವರೇ ಇಲ್ಲ. 'ಅದೇ ಗಿಡ ಪುನಃ' ಎಂದು ನಾನು ಗೇಲಿ ಮಾಡುತ್ತಿದ್ದೆನಲ್ಲ, ಅವಳಿಗೆ ಬೇಕಾದದ್ದು ಸರಿಯಾಗಿ ಅದೇ.

ದಾರಿಯನ್ನೂ ಅವಳೇ ಹುಡುಕಿದಳು. "ಮೊಯ್ದಿನಬ್ಬರಿಗೆ ಬೀಗದ ಕೈ ಕೊಟ್ಟು ಬನ್ನಿ. ಮನೆಯ ಧಣಿ ಅವರಲ್ವಾ, ಆಮೇಲೆ ಗಿಡವೂ ಅವರದ್ದೇ. ಆಗ ಹೋಗಿ ಕದ್ದು ತನ್ನಿ."

"ನಾನಾ? ಮಾಷ್ಟ್ರು ನಾನು!"

"ಒಂದು ಚೆಂಬು ನೀರು ಹಾಕಿದ್ದೀರಾ ಅದಕ್ಕೆ? ಇಲ್ಲ. ನೀವು ತೆಗೆದರೆ ಶುದ್ಧ ಕಳ್ಳತನ ಆಗ್ತದೆ."

ಬೀಗದ ಕೈ ಕೊಟ್ಟೆ. ಹಿಂದಿನಿಂದ ಬೇಲಿ ನುಸುಳಿ, ಗೆಲ್ಲು ಮುರಿದು ಅಂಗಿಯೊಳಗೆ ತುರುಕುತ್ತಿದ್ದೇನೆ, ಎದುರಿಗೆ ಮೊಯ್ದಿನಬ್ಬ! ಹಿಂದೆ ಅವರ ಹೆಂಡತಿ ಬೀಫಾತುಮ್ಮ.

"ಎಂತ ಮಾಷ್ಟ್ರೇ, ಒಂದು ಮಾತು ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ? ಬುಡ ಸಮೇತ ತಕ್ಕೊಳ್ಳಿ!"

"ಅಯ್ಯಯ್ಯೋ, ಕೊಡ್ಬೇಡಿ!" ಗೇಟಿನಿಂದ ದಮಯಂತಿ ಚೀರಿದಳು.

ಬೀಫಾತುಮ್ಮನಿಗೆ ತಟ್ಟನೆ ಅರ್ಥವಾಯಿತು. "ಇವರಿಗೆ ಒಂದೂ ಗೊತ್ತಾಗುದಿಲ್ಲ. ಕೊಟ್ರೆ ಒಣಗಿ ಹೋಗ್ತದೆ. ಬೈದು ಓಡ್ಸಿ!" ಎಂದವರೇ ತೆಂಗಿನ ಮರದ ಕಡೆ ಮುಖ ತಿರುಗಿಸಿ ನಿಂತರು.

ಮೊಯ್ದಿನಬ್ಬ ಸಾಧು ಮನುಷ್ಯ. ಗಂಟಲು ಸರಿಮಾಡಿಕೊಂಡು, "ಏ ಕಳ್ಳ... ಮಾಷ್ಟ್ರೇ," ಎಂದರು.

"ಸಾಲದು!" ಗೇಟಿನಿಂದ ಇವಳು.

"ಕಳ್ಳ! ನಡೀರಿ ಹೊರಗೆ! ಇನ್ನು ಸುಳ್ಯಕ್ಕೆ ಕಾಲಿಟ್ರೆ..." ಅವರಿಗೆ ಮುಂದೆ ತೋಚಲಿಲ್ಲ. "...ಊಟ ಮಾಡಿಯೇ ಹೋಗ್ಬೇಕು!"

ಹೀಗೆ, ಹಾರ ಹಿಡಿದು ಬೀಳ್ಕೊಡಲು ಬಂದಿದ್ದ ನನ್ನ ಹತ್ತನೇ ಕ್ಲಾಸು ಇಡೀ ಬಾಯಿ ತೆರೆದು ನೋಡುತ್ತಿರಲು, ಹೊಟ್ಟೆಗೆ ಚುಚ್ಚುವ ಗೆಲ್ಲನ್ನು ಒತ್ತಿಹಿಡಿದುಕೊಂಡು, ಆ ಮನೆಯಿಂದ ಕೊನೆಯ ಬಾರಿ ಓಡಿದೆ. ಬೇಲಿಯುದ್ದಕ್ಕೂ ನನ್ನ ಗಂಡು ಪಪ್ಪಾಯಿಗಳು ಒಟ್ಟಿಗೇ ತಲೆಯಾಡಿಸಿದವು.