ಗಂಭೀರ ಮನುಷ್ಯ ಬೇಕಾಗಿದ್ದಾನೆ

ತೊಂದರೆಗೆಲ್ಲ ಮೂಲ ಒಂದು ಅಂಚೆ ಕಾರ್ಡು. ಅಜ್ಜಂಪುರದ ತೆಂಗಿನಕಾಯಿ ಮಂಡಿಯ ಯಜಮಾನರಾದ ಈರಭದ್ರಪ್ಪ ಬರೆದಿದ್ದರು: "ಗುಮಾಸ್ತೆ ಕೆಲಸಕ್ಕೆ ತಮ್ಮ ಅರ್ಜಿ ಬಂದಿದೆ. ಸೋಮವಾರ ಮಧ್ಯಾಹ್ನ ಬರುವುದು. ತಾವು ಗಂಭೀರ ಸ್ವಭಾವದವರು ಎಂದು ಗೌರವಸ್ಥರೊಬ್ಬರಿಂದ ಕಾಗದ ತರುವುದು."

ಗುಮಾಸ್ತೆಗೆ ಗಾಂಭೀರ್ಯ ಬೇಕೆನ್ನುವುದು ನ್ಯಾಯವೇ. ಆದರೆ ಅರ್ಜಿ ಹಾಕಿದ ತೀರ್ಥಪ್ಪ ನಾಟಕ ಕಂಪನಿಯ ಹಾಸ್ಯಗಾರ.

ಅದು ಐವತ್ತೆಂಟನೇ ಇಸವಿ. ಕಂಪನಿ ತರೀಕೆರೆಯಲ್ಲಿ ಮೊಕ್ಕಾಂ ಮಾಡಿತ್ತು. ಆಟ ರಾತ್ರಿ ಹತ್ತಕ್ಕೆ ಶುರುವಾದರೆ ಮುಗಿಯುವಾಗ ಮೂರು. ಪರದೆಯ ಹಿಂದೆ ಅರಮನೆ ಕಿತ್ತು ಕಾಡು ನಿಲ್ಲಿಸುವಷ್ಟು ಹೊತ್ತು ತೀರ್ಥಪ್ಪ ಪರದೆಯ ಮುಂದೆ ಒಬ್ಬನೇ ನಿಂತು, ಊರಿನ ಅಂದಂದಿನ ಸಮಾಚಾರ ಹೇಳಿ ಜನರನ್ನು ನಗಿಸಬೇಕು. ಬಾರದ ನಲ್ಲಿ ನೀರು, ಬಂದೇಬಿಟ್ಟ ಅಮಲ್ದಾರರು, ಕೆಮ್ಮಣ್ಣುಗುಂಡಿಗೆ ಹವಾ ಬದಲಾವಣೆಗೆ ಹೋಗಿ ನೆಗಡಿ ತಂದವರು, ಯಾರಾದರೂ ಸರಿ. ಹತ್ತೊಂಬತ್ತು ವರ್ಷದ ಹಿಂದೆ ಕಡೂರಿನಲ್ಲಿ ಸಿಂಹಾಸನದ ಕಾಲು ಮುರಿದಾಗ, ಬಡಗಿ ಬರುವ ತನಕ ಸುಧಾರಿಸು ಎಂದು ಯಾರೋ ಅವನನ್ನು ಮುಂದಕ್ಕೆ ನೂಕಿದ್ದರು. ಸಿಂಹಾಸನ ಅವತ್ತೇ ರಿಪೇರಿಯಾಯಿತು. ತೀರ್ಥಪ್ಪನನ್ನು ಮಾತ್ರ ಯಾರೂ ಒಳಕ್ಕೆ ಕರೆಯಲಿಲ್ಲ.

ಈಗ ಅವನಿಗೆ ಸಾಕಾಗಿತ್ತು. ಕಣ್ಣುಗಳು ನೆನೆಹಾಕಿ ಮರೆತ ಕಡಲೆಯ ಹಾಗೆ ಊದಿಕೊಂಡಿದ್ದವು. ಹೆಂಡತಿ ತುಂಗಮ್ಮ ಸಖರಾಯಪಟ್ಟಣದಲ್ಲಿ ಅಣ್ಣನ ಮನೆಯಲ್ಲಿದ್ದಳು. "ರಾತ್ರಿ ಮಲಗಿ ಬೆಳಗ್ಗೆ ಏಳುವ ಕೆಲಸ ಹಿಡಿಯಿರಿ, ಅವತ್ತೇ ಬಸ್ಸು ಹತ್ತುತ್ತೇನೆ" ಎಂದು ಬರೆದಿದ್ದಳು.

ಸೋಮವಾರ ಆಟಕ್ಕೆ ರಜಾ. ಅವನಿಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದ ಕಾಂತಮ್ಮ ಪೆಟ್ಟಿಗೆಯಿಂದ ತನ್ನ ತೀರಿಹೋದ ಗಂಡನ ಕರಿ ಕೋಟು ತೆಗೆದು ಕೊಟ್ಟಳು.

"ಇದ್ಹಾಕ್ಕೊಂಡ್ ಹೋಗಪ್ಪ, ಯಾರೂ ನಗಲ್ಲ. ನಮ್ಮೆಜಮಾನ್ರು ಮೂವತ್ತು ವರ್ಷ ಹಾಕಿದ್ರು. ಒಂದಿನಾನೂ ನಕ್ಕೋರಲ್ಲ."

ತೋಳು ಬೆರಳು ದಾಟಿ ಇಳಿಯುತ್ತಿತ್ತು. ಅದನ್ನು ಮಡಚಿಕೊಂಡೇ ತೀರ್ಥಪ್ಪ ಹೆಡ್ಮಾಸ್ಟರ್ ಅನಂತಪದ್ಮನಾಭರ ಮನೆಗೆ ಹೋದ.

"ಸಾರ್, ನಾನು ಗಂಭೀರ ಮನುಷ್ಯ ಅಂತ ನಾಲ್ಕು ಸಾಲು ಬರೆದುಕೊಡಬೇಕು."

ಹೆಡ್ಮಾಸ್ಟರು ಅವನ ಮುಖವನ್ನೂ ಮಡಚಿದ ತೋಳನ್ನೂ ನೋಡಿದರು. ಆಮೇಲೆ ಕನ್ನಡಕ ಜಾರಿ ಬೀಳುವಷ್ಟು ನಕ್ಕರು. "ನಾಳೆ ರಾತ್ರಿಗಾ ಇದು? ಶುರೂನೇ ಇಷ್ಟು ಚೆನ್ನಾಗಿದೆಯಲ್ರೀ!"

"ಇಲ್ಲ ಸಾರ್, ನಿಜವಾಗ್ಲೂ ಬೇಕು."

"ಅಯ್ಯೋ, ಆ ಮುಖ ಹಾಗೇ ಇಟ್ಕೊಂಡಿರಿ! ಲೇ ಇವಳೇ, ಬೇಗ ಬಾರೆ ಇಲ್ಲಿ!"

ಅವರ ಹೆಂಡತಿ ಬಂದು ನಕ್ಕು, ಕೇಳದೆಯೇ ಎರಡು ಲೋಟ ಕಾಫಿ ಕೊಟ್ಟರು. ಹೆಡ್ಮಾಸ್ಟರು ಬಹಳ ಹೊತ್ತು ಯೋಚಿಸಿ, ಹೊಡೆದುಹಾಕಿ, ಮತ್ತೆ ಬರೆದು, ಲಕೋಟೆ ಅಂಟಿಸಿ ಕೊಟ್ಟರು.

ಅಜ್ಜಂಪುರದ ಬಸ್ಸಿನಲ್ಲಿ ಕಂಡಕ್ಟರ್ ಚಿಕ್ಕಬೀರಪ್ಪ ಕೂಗಿದ: "ಲೇ, ಕಂಪನಿ ಹಾಸ್ಯಗಾರ್ರು ಕಣ್ರೋ! ಜಾಗ ಬಿಡ್ರೋ!"

ಸೀಬೆಹಣ್ಣಿನ ಬುಟ್ಟಿ ಹೊತ್ತ ದುರ್ಗಮ್ಮ ಎಂಬ ಮುದುಕಿ ಎದ್ದು ಕಿಟಕಿ ಪಕ್ಕದ ಜಾಗ ಕೊಟ್ಟಳು. "ಪಾಪ, ಕಣ್ಣು ನೋಡು ಹೆಂಗಾಗವೆ. ಮಲಕ್ಕಳಪ್ಪ ನೀನು. ಯಾರೂ ಮಾತಾಡ್ಸಬ್ಯಾಡ್ರಿ ಅವ್ನ!"

ತೀರ್ಥಪ್ಪನ ರೆಪ್ಪೆಗಳು ಕೂಡಿದವು. ಅಷ್ಟರಲ್ಲಿ ದುರ್ಗಮ್ಮನೇ ಮೊಣಕೈಯಿಂದ ತಿವಿದಳು. "ಒಂದೇ ಒಂದು ಏನಾರಾ ಹೇಳ್ಬಿಟ್ಟು ಮಲಕ್ಕಳಪ್ಪ."

"ನನ್ಹತ್ರ ಏನೂ ಇಲ್ಲ ಕಣಮ್ಮಾ. ಸುಸ್ತಾಗಿಹೋಗಿದೆ."

ಬಸ್ಸಿಗೆ ಬಸ್ಸೇ ಬಿದ್ದು ಬಿದ್ದು ನಕ್ಕಿತು. ಮುಂದಿದ್ದ ಡ್ರೈವರಿಗೆ ಕೇಳಿಸಲಿಲ್ಲವಂತೆ. ಅವನು ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ, ಹಿಂದಕ್ಕೆ ಬಂದು, "ಇನ್ನೊಂದ್ಸಲ ಅನ್ನಿ ಸಾರ್" ಎಂದ. ತೀರ್ಥಪ್ಪ ಅಂದ. ಮತ್ತೊಮ್ಮೆ ನಗು. ದುರ್ಗಮ್ಮ ಕಣ್ಣೊರೆಸಿಕೊಂಡು ಅವನ ಕೋಟಿನ ಜೇಬಿಗೆ ನಾಲ್ಕು ಸೀಬೆಹಣ್ಣು ತುರುಕಿದಳು. ಬಸ್ಸು ಊರು ಸೇರುವಾಗ ನಾಲ್ಕು ಗಂಟೆ.

ಈರಭದ್ರಪ್ಪನವರ ಮುಖ ಸುಲಿಯದ ತೆಂಗಿನಕಾಯಿಯಂತಿತ್ತು. ತಡವಾಯಿತೆಂದು ಅವರೇನೂ ಅನ್ನಲಿಲ್ಲ. ಲಕೋಟೆ ಒಡೆದು ಗಟ್ಟಿಯಾಗಿ ಓದಿದರು:

"ಈ ತೀರ್ಥಪ್ಪನವರು ಎಷ್ಟು ಗಂಭೀರರೆಂದರೆ, ಇವರನ್ನು ಕಂಡು ನಮ್ಮ ಶಾಲೆಯ ಗಡಿಯಾರ ಬೆದರಿ ನಿಂತುಹೋಗಿದೆ. ವಿಶೇಷ ಸೂಚನೆ: ಇದನ್ನು ನಾಳೆ ರಾತ್ರಿ ರಂಗದ ಮೇಲೆ ಓದುವಾಗ ಬರೆದವರ ಹೆಸರು ಹೇಳಲು ಮರೆಯಬಾರದು."

ಕಾಯಿ ಸುಲಿಯುತ್ತಿದ್ದ ಆಳುಗಳು ಹಾರೆ ಬಿಟ್ಟು ನಕ್ಕರು. ತೀರ್ಥಪ್ಪನಿಗೆ ನೆಲ ಬಾಯಿ ಬಿಡಬಾರದೆ ಅನ್ನಿಸಿತು. ಈರಭದ್ರಪ್ಪ ಮಾತ್ರ ಕಾಗದ ಮಡಚಿಟ್ಟರು.

"ನಂಗೆ ನಗು ಬರ್ಲಿಲ್ಲ."

"ಸಂತೋಷ, ಸ್ವಾಮಿ."

"ಹೋದ ತಿಂಗಳು ನಿಮ್ಮ ಆಟಕ್ಕೂ ಬಂದಿದ್ದೆ. ಅವತ್ತೂ ಬರ್ಲಿಲ್ಲ."

ತೀರ್ಥಪ್ಪನಿಗೆ ಅವರ ಕಾಲು ಮುಟ್ಟಬೇಕೆನ್ನಿಸಿತು. ಹತ್ತೊಂಬತ್ತು ವರ್ಷದಲ್ಲಿ ಅವನನ್ನು ಮನುಷ್ಯನೆಂದು ಮಾತಾಡಿಸಿದವರು ಇವರೊಬ್ಬರೇ.

"ಕೆಲಸ ನಿಮ್ದೇ," ಅಂದರು ಅವರು. "ಹಿತ್ತಲ ಕಡೆ ಮನೆ ಇದೆ, ಮನೆಯೋರ್ನ ಕರೆಸ್ಕೊಳ್ಳಿ. ಬೆಳಗ್ಗೆ ಆರಕ್ಕೆ ಮಂಡಿ ಬಾಗಿಲು ತೆಗೀಬೇಕು. ಇವತ್ತಿಂದ್ಲೇ ಇಲ್ಲೇ ಇದ್ಬಿಡಿ."

ತೀರ್ಥಪ್ಪ ನಿಂತಲ್ಲೇ ತುಂಗಮ್ಮನಿಗೆ ಕಾರ್ಡು ಬರೆದ: "ರಾತ್ರಿ ಮಲಗುವ ಕೆಲಸ ಸಿಕ್ಕಿತು. ಕೂಡಲೇ ಹೊರಡು." ಅದನ್ನು ಡಬ್ಬಿಗೆ ಹಾಕಿ, ಕಂಪನಿಗೆ ರಾಜೀನಾಮೆಯನ್ನು ಚಿಕ್ಕಬೀರಪ್ಪನ ಕೈಯಲ್ಲಿ ಕಳಿಸಿ, ಬಸ್ಸಿನ ಧೂಳು ಮರೆಯಾಗುವವರೆಗೆ ನೋಡುತ್ತ ನಿಂತ.

ರಾತ್ರಿ ಯಜಮಾನರ ಮನೆಯಲ್ಲೇ ಊಟ. ಬಿಸಿ ರೊಟ್ಟಿಯ ಮೇಲೆ ಅವರೇ ಕೈಯಾರೆ ಬೆಣ್ಣೆ ಹಾಕಿದರು. ಆಮೇಲೆ ಜಗಲಿಯಲ್ಲಿ ತಮ್ಮ ಹಾಸಿಗೆ ಬಿಡಿಸಿ, ತಲೆದೆಸೆಗೆ ಒಂದು ಕುರ್ಚಿ ಎಳೆದರು.

"ಕೂತ್ಕೊಳ್ಳಿ. ಶುರು ಮಾಡಿ."

"ಏನನ್ನ, ಸ್ವಾಮಿ?"

"ಅದೇ, ಪರದೆ ಮುಂದೆ ಹೇಳ್ತಿದ್ರಲ್ಲ." ಈರಭದ್ರಪ್ಪ ಕಂಬಳಿ ಹೊದ್ದರು. "ನಮ್ಮನೇವ್ಳು ತೀರ್ಕೊಂಡು ಮೂರು ವರ್ಷ ಆಯ್ತು. ಅವತ್ತಿಂದ ನಂಗೆ ನಿದ್ದೆ ಇಲ್ಲ ಕಣ್ರೀ. ಔಷಧ ಆಯ್ತು, ಎಣ್ಣೆ ಆಯ್ತು, ಹರಕೆ ಆಯ್ತು. ಅವತ್ತು ನೀವು ಪರದೆ ಮುಂದೆ ಬಂದು ಬಾಯಿ ಬಿಟ್ರಿ ನೋಡಿ, ಎಲ್ಲಿತ್ತೋ ನಿದ್ದೆ! ನಾಲ್ಕು ಸಲ ಬಂದ್ರಿ, ನಾಲ್ಕು ಸಲಾನೂ ಗೊರಕೆ. ರಾಜ ಬಂದ, ಎಚ್ಚರ ಆಯ್ತು."

"ಮತ್ತೆ ಗಂಭೀರ ಅಂತ ಕಾಗದ..."

"ಎಲ್ರೂ ನಗ್ತಾರಪ್ಪ, ನಾನೂ ಎಲ್ಲಾದ್ರೂ ನಕ್ಬಿಟ್ರೆ ನಿದ್ದೆ ಕೆಡುತ್ತಲ್ಲ. ನಿಮ್ಮನ್ನ ಗಂಭೀರ ಅಂತ ಯಾರು ಬರೆದ್ರೂ ಅದು ತಮಾಷೇನೇ. ಅದನ್ನೋದಿ ನಂಗೆ ನಗು ಬರುತ್ತಾ ಅಂತ ಪರೀಕ್ಷೆ ಮಾಡ್ದೆ."

ತೀರ್ಥಪ್ಪ ಕುರ್ಚಿಯಲ್ಲಿ ಕುಸಿದ. ಬೇರೇನೂ ತೋಚದೆ, ಅವತ್ತು ಬಸ್ಸಿನಲ್ಲಿ ಬಂದದ್ದನ್ನೇ ಹೇಳತೊಡಗಿದ. ಎರಡನೇ ವಾಕ್ಯಕ್ಕೆ ಗೊರಕೆ ಎದ್ದಿತು. ಮೂರು ವರ್ಷದ ದಣಿವೆಲ್ಲ ಆ ಮುಖದಿಂದ ಇಳಿದು, ಈರಭದ್ರಪ್ಪ ಹಾಲು ಕುಡಿದ ಕೂಸಿನಂತೆ ಕಂಡರು. ತೀರ್ಥಪ್ಪ ಮಾತು ನಿಲ್ಲಿಸಿ, ಸದ್ದಾಗದಂತೆ ಎದ್ದ.

ಗೊರಕೆಯೂ ನಿಂತಿತು.

"ಯಾಕ್ರೀ ನಿಲ್ಲಿಸಿದ್ರಿ?" ಅಂದರು ಈರಭದ್ರಪ್ಪ, ಕಣ್ಣು ಪೂರ್ತಿ ತೆರೆದು. "ಹೇಳ್ತಾನೇ ಇರ್ಬೇಕು. ಕೋಳಿ ಕೂಗೋ ತನಕ ಸಾಕು."

ತೀರ್ಥಪ್ಪ ಅವರ ಕಾಲಿನ ಮೇಲೆ ಕಂಬಳಿ ಸರಿಮಾಡಿ, ಕೂತು, ಮೊದಲಿನಿಂದ ಶುರುಮಾಡಿದ.