ಎಲ್ಲ ಬಲ್ಲವರ ಫಾರಂ

ಗ್ರಂಥಾಲಯದ ಕುರ್ಚಿಯಲ್ಲಿ ಕೂತವನಿಗೆ ನಗು ಬರುವ ಸಂಗತಿಗಳು ಕಡಿಮೆಯಿಲ್ಲ. ನಕ್ಕ ಮೇಲೆ ಹೊಟ್ಟೆ ಉರಿಯುತ್ತದೆ, ಅಷ್ಟೇ. ಯಾದಗಿರಿಯ ಕಾಲೇಜೊಂದರಲ್ಲಿ ನಾನು ಅತಿಥಿ ಗ್ರಂಥಪಾಲಕ. ಹನ್ನೊಂದು ವರ್ಷದಿಂದ ಅತಿಥಿ! ಈ ವರ್ಷ ಮೇಲಿನಿಂದ ಒಂದು ಫಾರಂ ಬಂತು. ಮಾಹಿತಿ ಹುಡುಕುವುದು, ಅದರಲ್ಲಿ ಖರೆ ಯಾವುದು ಸುಳ್ಳು ಯಾವುದು ಎಂದು ತಿಳಿಯುವುದು ತಮಗೆ ಎಷ್ಟು ಬರುತ್ತದೆಂದು ವಿದ್ಯಾರ್ಥಿಗಳೇ ಗುರುತು ಹಾಕಬೇಕು.

ಎರಡು ನಿಮಿಷದ ಜಾಣ

ಶಹಾಪುರದಿಂದ ಬರುವ ಹುಡುಗನೊಬ್ಬ ಎರಡೇ ನಿಮಿಷದಲ್ಲಿ ಫಾರಂ ತಂದುಕೊಟ್ಟ. ಎಲ್ಲದಕ್ಕೂ 'ಅತ್ಯುತ್ತಮ'.

"ಪ್ರಶ್ನಿ ಓದೀಯೇನಪಾ?"

"ಓದೋದೇನೈತ್ರಿ ಸರ್, ನಮಗ ಎಲ್ಲಾ ಬರ್ತೈತಿ."

"ಹಂಗಾದ್ರ ಕೃಷ್ಣಾ ನದಿ ನೀರಾವರಿ ಬಗ್ಗೆ ಒಂದು ಪುಸ್ತಕ ಹುಡಿಕಿ ತಾ."

ಅರ್ಧ ತಾಸು ಕಪಾಟುಗಳ ನಡುವೆ ಅಡ್ಡಾಡಿ ಬರಿಗೈಲಿ ಬಂದ. "ಸರ್, ಇಲ್ಲಿ ನೆಟ್‌ವರ್ಕ್ ಸಿಗವಲ್ದು."

ಏನೂ ಬಾರದವಳು

ಹತ್ತಿಕುಣಿ ಕಡೆಯ ಹುಡುಗಿ, ಕೂಲಿ ಮಾಡುವವರ ಮಗಳು, ಎಲ್ಲದಕ್ಕೂ 'ಬರುವುದಿಲ್ಲ' ಎಂದು ಗುರುತು ಹಾಕಿದ್ದಳು. ಹಿಂದಿನ ವರ್ಷ ರಸ್ತೆ ಕೆಟ್ಟಿದೆಯೆಂದು ಅವಳೂರಿನ ಮುಂಜಾನೆಯ ಬಸ್ಸು ನಿಂತು, ನಾಲ್ಕು ಹುಡುಗಿಯರ ಓದೂ ನಿಲ್ಲುವುದರಲ್ಲಿತ್ತು. ಇವಳೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ರಸ್ತೆ ಆಗಲೇ ರಿಪೇರಿಯಾಗಿದೆ ಎಂಬ ಕಾಗದ ತೆಗೆಸಿ ಬಸ್ ಡಿಪೋ ಅಧಿಕಾರಿಯ ಮೇಜಿನ ಮೇಲಿಟ್ಟಳು. ಮರುವಾರ ಬಸ್ಸು ಬಂತು.

"ಅಷ್ಟೆಲ್ಲಾ ಮಾಡಿದಾಕಿ, ಏನೂ ಬರಂಗಿಲ್ಲ ಅಂತ ಹಾಕೀಯಲ್ಲವ್ವ?"

"ಅದಕ್ಕ ಕೌಶಲ್ಯ ಅಂತಾರೇನ್ರಿ ಸರ್? ನಮ್ಮ ಮನ್ಯಾಗ ತಿರಬೋಕಿತನ ಅಂತಾರ್ರಿ."

ತಿದ್ದುಪಡಿ

ವಿಭಾಗದ ಮುಖ್ಯಸ್ಥರು ಅವಳ ಫಾರಂ ನೋಡಿ ಸಿಟ್ಟಾದರು. "ಇದು ಕಾಲೇಜಿನ ಇಜ್ಜತ್ತಿನ ಪ್ರಶ್ನಿ ರೀ!" ತಾವೇ ಪೆನ್ನು ತೆಗೆದು ಎಲ್ಲ ಗುರುತುಗಳನ್ನೂ 'ಅತ್ಯುತ್ತಮ'ಕ್ಕೆ ಏರಿಸಿದರು.

"ಆಕಿ ಬಗ್ಗೆ ಆಕಿನ ಹೇಳಬೇಕಲ್ರಿ ಸರ್?" ಎಂದೆ.

"ಆಕಿ ಬಗ್ಗೆ ಆಕಿಗೇನ್ ಗೊತ್ತೈತ್ರಿ? ಮಾಸ್ತರು ನಾವ್ ಇಲ್ಲೇನು?"

ಇಡೀ ಕಟ್ಟಿನಲ್ಲಿ ಖೊಟ್ಟಿ ಫಾರಂ ಅದೊಂದೇ. ಖರೆ ಹೇಳಿದ್ದೂ ಅದೊಂದೇ.

ವರದಿ

ಕಡೆಗೆ ವರದಿ ಬಂತು. ಎಲ್ಲ ಫಾರಂಗಳಲ್ಲೂ 'ಅತ್ಯುತ್ತಮ'ವೇ ಇದ್ದುದರಿಂದ, ನಮ್ಮ ವಿದ್ಯಾರ್ಥಿಗಳು ಮಾಹಿತಿಗಾಗಿ ಯಾರನ್ನೂ ನೆಚ್ಚಿಕೊಂಡಿಲ್ಲವಂತೆ. ಅದನ್ನೇ ಹಿಡಿದು ಆಡಳಿತ ಮಂಡಳಿ, ಮುಂದಿನ ವರ್ಷದಿಂದ ಗ್ರಂಥಪಾಲಕ ಬೇಡವೆಂದು ತೀರ್ಮಾನಿಸಿತು. ಫಾರಂಗಳನ್ನು ಹಂಚಿ, ಕೂಡಿಸಿ, ಕಟ್ಟು ಕಟ್ಟಿ ಕಳಿಸಿದವನು ನಾನೇ. ಸುರಪುರದ ಮನೆಯಲ್ಲಿ ಹೆಂಡತಿಗೆ ಏನು ಹೇಳಲಿ ಎಂದು ತಿಳಿಯದೆ ಪ್ರಾಂಶುಪಾಲರ ಮುಂದೆ ನಿಂತೆ.

"ಸರ್, ಈ ವಯಸ್ಸಿನ್ಯಾಗ ನಾ ಎಲ್ಲಿ ಹೋಗ್ಲಿ?"

ಅವರು ಚಹಾ ತರಿಸಿ, ಬಹಳ ಪ್ರೀತಿಯಿಂದ ಹೇಳಿದರು: "ನೀವ್ಯಾಕ ಚಿಂತಿ ಮಾಡ್ತೀರಿ? ಹುಡುಕೋದ್ರಾಗ ನೀವು ಎಕ್ಸ್‌ಪರ್ಟ್ ಅದೀರಿ. ಒಂದು ನೌಕರಿ ಹುಡಿಕ್ಯೊಳ್ರಿ!"